ಬಂಡೆ ಗೋಡೆಯ ಆ ನೀಲಿ ಚಿಟ್ಟೆನ ನಮ್ಮನೆ ಹಿತ್ತಲಿಗೆ ತರಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಮೈಸೂರಿನೋರು, ಎಂಟು ವರ್ಷದಿಂದ ಸ್ಯಾನ್ ಹೋಸೆಲಿದೀವಿ. ಹೋದ ಫೆಬ್ರವರಿ ಕೊನೇಲಿ ಮಗಳನ್ನ ಕರ್ಕೊಂಡು ಮುಕ್ಕಾಲು ಗಂಟೆ ದೂರದ ಒಂದು ಕ್ಯಾನಿಯನ್‌ಗೆ ಹೈಕಿಂಗ್ ಹೋಗಿದ್ವಿ. ಒಂದು ಬಂಡೆ ಗೋಡೆ ಹತ್ರ ಒಂದು ರೂಪಾಯಿ ನಾಣ್ಯದಷ್ಟೇ ಇರೋ ನೀಲಿ ಚಿಟ್ಟೆಗಳು ಏಳೆಂಟು ಹಾರಾಡ್ತಿದ್ವು, ಮುಂದಿನ ರೆಕ್ಕೆ ಮೇಲೆ ಕಿತ್ತಳೆ ಪಟ್ಟೆ ಇತ್ತು. ಗೋಡೆ ಸಂದಿಲಿ ಗುಲಾಬಿ ಹೂವಿನಾಕಾರದ ದಪ್ಪ ಎಲೆ ಗಿಡಗಳಿದ್ವು, ಏಪ್ರಿಲಲ್ಲಿ ಮತ್ತೆ ಹೋದಾಗ ಅದರ ಎಲೆಗಳಲ್ಲಿ ತೂತು. ಆಗಸ್ಟಲ್ಲಿ ಹೋದ್ರೆ ಚಿಟ್ಟೆ ಒಂದೂ ಇಲ್ಲ, ಗಿಡ ಎಲ್ಲ ಸುಕ್ಕಾಗಿ ಒಣಗ್ತಿತ್ತು, ಮಗಳು ಅಳೋಕೆ ಶುರು ಮಾಡಿದ್ಲು, ಬಾಟಲಿಲಿದ್ದ ನೀರೆಲ್ಲ ಸುರಿದು ಬಂದ್ವಿ. ಫ್ರೆಂಡ್ ಒಬ್ಬರು ಎರಡು ಮೂರು ಗಿಡ ಕಿತ್ಕೊಂಡು ಬಂದು ಹಿತ್ತಲಲ್ಲಿ ಹಾಕಿ, ಮುಂದಿನ ವರ್ಷ ಹುಳನೂ ತಂದು ಸಾಕಿ, ಇಲ್ಲಾಂದ್ರೆ ಬೆಂಕಿಗೆ ಹೋಗ್ಬಿಡತ್ತೆ ಅಂದ್ರು. ನಮ್ಮತ್ತೆ ಮೈಸೂರಿಂದ ಪುಸ್ತಕದೊಳಗೆ ಇಟ್ಕೊಂಡು ಬಂದ ಕಾಡುಬಸಳೆ ಎಲೆ ಈಗ ಕುಂಡದಲ್ಲಿ ಗಿಡ ಆಗಿದೆ, ಅದಕ್ಕೆ ಈ ಚಿಟ್ಟೆ ಬರತ್ತಾ? ಊರಲ್ಲಿ ಅದರ ಮೇಲೆ ಕೆಂಪು ಚಿಟ್ಟೆ ಮೊಟ್ಟೆ ಇಡ್ತಿತ್ತು. ಇನ್ನೊಂದು, ಮಗಳು ಒಂದು ಚಿಟ್ಟೆನ ಮುಟ್ಟಿದ್ಲು, ಪುಡಿ ಕಣ್ಣಿಗೆ ಹೋದ್ರೆ ದೃಷ್ಟಿ ಹೋಗತ್ತೆ ಅಂತ ಅತ್ತೆ ತುಂಬಾ ಹೆದರಿದಾರೆ.

ಉತ್ತರ: ಮೊದ್ಲು ಮಗಳಿಗೆ ಹೇಳಿ, ಯಾರೂ ಸತ್ತಿಲ್ಲ. ಗಿಡನೂ ಸತ್ತಿಲ್ಲ, ಚಿಟ್ಟೆನೂ ಸತ್ತು ನಿರ್ನಾಮ ಆಗಿಲ್ಲ, ಆಗಸ್ಟಲ್ಲಿ ಅವಳು ಅಳ್ತಾ ನಿಂತಿದ್ದ ಜಾಗದಲ್ಲಿ ಅವಳ ಕಾಲಿಂದ ಒಂದು ಮಾರು ದೂರದಲ್ಲೇ ಮುಂದಿನ ವರ್ಷದ ಚಿಟ್ಟೆಗಳು ಮಲಗಿದ್ವು ಅಂತ ಹೆಚ್ಚುಕಮ್ಮಿ ಗ್ಯಾರಂಟಿಯಾಗಿ ಹೇಳ್ತೀನಿ. ನಿಮ್ಮ ಮೇಲ್‌ನಲ್ಲಿ ಕ್ಯಾನಿಯನ್ ಹೆಸರು, ಪಾರ್ಕಿಂಗ್ ಲಾಟಿಂದ ಎಷ್ಟು ದೂರ ಅನ್ನೋದೆಲ್ಲ ಇತ್ತು, ಅದನ್ನ ಬೇಕಂತಲೇ ತೆಗೆದು ಹಾಕಿದೀನಿ. ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ನೀವು ಕಳಿಸಿದ ಫೋಟೋ ಸ್ವಲ್ಪ ಶೇಕ್ ಆಗಿದ್ರೂ ಇದರಲ್ಲಿ ಡೌಟೇ ಇಲ್ಲ, ಅದು ಸೋನೋರನ್ ಬ್ಲೂ, ವಿಜ್ಞಾನದ ಹೆಸರು ಫಿಲೋಟೀಸ್ ಸೋನೋರೆನ್ಸಿಸ್. ಕ್ಯಾಲಿಫೋರ್ನಿಯಾದಲ್ಲಿ ನೀಲಿ ಚಿಟ್ಟೆಗಳು ಬೇಕಾದಷ್ಟಿವೆ, ಒಂದರಿಂದ ಒಂದನ್ನ ಗುರುತಿಸೋಕೆ ನಮಗೇ ತಲೆನೋವು, ಆದ್ರೆ ಬೆಳ್ಳಿ ಬೆರೆಸಿದಂಥ ತಿಳಿ ನೀಲಿ ಮೇಲೆ ಮುಂದಿನ ರೆಕ್ಕೆಲಿ ಹಾಗೆ ಕುಂಕುಮ-ಕಿತ್ತಳೆ ಪಟ್ಟೆ ಬಳ್ಕೊಂಡಿರೋದು ಇದೊಂದೇ. ಗಂಡಿಗೆ ಮುಂದಿನ ರೆಕ್ಕೆಲಿ ಮಾತ್ರ, ಹೆಣ್ಣಿಗೆ ಹಿಂದಿನ ರೆಕ್ಕೆಲೂ ಕಿತ್ತಳೆ ಇರತ್ತೆ, ನಿಮ್ಮ ಎರಡನೇ ಫೋಟೋದಲ್ಲಿರೋದು ಹೆಣ್ಣು. ರೆಕ್ಕೆ ಬಿಚ್ಚಿದ್ರೆ ಎರಡು ಎರಡೂವರೆ ಸೆಂಟಿಮೀಟರ್, ನಿಮ್ಮ ರೂಪಾಯಿ ನಾಣ್ಯದ ಲೆಕ್ಕ ಸರಿಯಾಗೇ ಇದೆ. ಹೆಸರು ನೋಡಿ ಸೋನೋರಾ ಮರುಭೂಮಿಯದ್ದು ಅಂದ್ಕೋಬೇಡಿ, ಇದರ ತವರು ಕ್ಯಾಲಿಫೋರ್ನಿಯಾನೇ, ಕೆಳಗೆ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ತನಕ ಹೋಗತ್ತೆ. ಹೆಸರಿಟ್ಟಿದ್ದು 1865ರಲ್ಲಿ ವಿಯೆನ್ನಾದ ಫೆಲ್ಡರ್ ಅನ್ನೋ ಅಪ್ಪ-ಮಗ. ಆ ಅಪ್ಪ ಆಮೇಲೆ ವಿಯೆನ್ನಾದ ಮೇಯರೂ ಆದ, ಮೇಯರ್ ಆಗೋನು ಚಿಟ್ಟೆ ಎಣಿಸ್ತಾ ಕೂತಿದ್ದ ಕಾಲ ಅದು.

ಇನ್ನು ಆ ಗಿಡ. ಅದು ಡಡ್ಲಿಯಾ. ಸ್ಟ್ಯಾನ್‌ಫರ್ಡಲ್ಲಿ ಸಸ್ಯಶಾಸ್ತ್ರ ವಿಭಾಗ ಕಟ್ಟಿದ ಡಡ್ಲಿ ಅನ್ನೋ ಪ್ರೊಫೆಸರ್ ಹೆಸರು ಅದಕ್ಕೆ ಬಂದಿದೆ, ಇಲ್ಲಿನ ಜನ 'ಲಿವ್‌ಫಾರೆವರ್' ಅಂತ ಕರೀತಾರೆ. ಸೋನೋರನ್ ಬ್ಲೂ ಹುಳ ತಿನ್ನೋದು ಡಡ್ಲಿಯಾ ಮಾತ್ರ. ಹಸಿವಾದ್ರೆ ಪಕ್ಕದ ಗಿಡ ತಿಂದ್ಕೋತೀನಿ ಅನ್ನೋ ಜಾತಿ ಅಲ್ಲ. ಹಾಗಾಗಿ ಡಡ್ಲಿಯಾ ಎಲ್ಲಿ ಗುಂಪಾಗಿ ಬೆಳೀತದೋ ಅಲ್ಲಿ, ಅಂದ್ರೆ ಮಣ್ಣೇ ನಿಲ್ಲದ ಕಡಿದಾದ ಬಂಡೆ, ಕ್ಯಾನಿಯನ್ ಗೋಡೆ, ಒಣ ಹಳ್ಳದ ಏರಿ, ಇಂಥ ಕಡೆ ಮಾತ್ರ ಈ ಚಿಟ್ಟೆ.

ನೀವು ಕಾಡುಬಸಳೆ ಬಗ್ಗೆ ಕೇಳಿದ್ದು ನೋಡಿ ನನಗೆ ನಿಜವಾಗ್ಲೂ ಖುಷಿ ಆಯ್ತು, ಯಾಕಂದ್ರೆ ನಾನು ಈ ಚಿಟ್ಟೆ ಸರ್ವೆ ಕೆಲಸಕ್ಕೆ ಬಿದ್ದಿದ್ದೇ ಆ ಗಿಡದಿಂದ. ಚಿತ್ರದುರ್ಗದಲ್ಲಿ ನಮ್ಮಜ್ಜಿ ಮನೆ ಬಚ್ಚಲ ನೀರು ಹೋಗೋ ಕಡೆ ಕಾಡುಬಸಳೆ ದಂಡಿಯಾಗಿತ್ತು, ನಾವೂ ನೋಟ್‌ಬುಕ್ ಒಳಗೆ ಎಲೆ ಇಟ್ಟು ಅಂಚಿಂದ ಮರಿಗಿಡ ಬರೋದನ್ನ ಕಾಯ್ತಿದ್ವಿ. ಅದರ ಮೇಲೆ ಬರ್ತಿದ್ದ ಕೆಂಪು ಚಿಟ್ಟೆ, ನೀವು ಹೇಳ್ತಿರೋದೇ, ಇಂಗ್ಲಿಷಲ್ಲಿ ರೆಡ್ ಪಿಯರೋ ಅಂತಾರೆ. ಸೋನೋರನ್ ಬ್ಲೂ, ರೆಡ್ ಪಿಯರೋ ಎರಡೂ ಒಂದೇ ಲೈಸೀನಿಡೆ ಕುಟುಂಬ. ಕಾಡುಬಸಳೆ, ಡಡ್ಲಿಯಾ ಎರಡೂ ಒಂದೇ ಕ್ರಾಸುಲೇಸಿ ಕುಟುಂಬ. ಎರಡರ ಹುಳಗಳ ಬುದ್ಧಿನೂ ಒಂದೇ, ಎಲೆ ಅಂಚಿಂದ ಕಚ್ಕೊಂಡು ತಿನ್ನಲ್ಲ, ಒಂದು ತೂತು ಕೊರೆದು ಎಲೆ ಒಳಗೇ ನುಗ್ಗಿ ತಿರುಳು ತಿಂತಾವೆ. ಬಿಸಿಲು, ಹಕ್ಕಿ ಯಾವುದರ ಗೊಡವೆನೂ ಇಲ್ಲ, ಊಟದ ಒಳಗೇ ಮನೆ. ಮುಂದೆ ಮೈಸೂರಿಗೆ ಹೋದಾಗ ಅತ್ತೆ ಮನೆಲಿ ತೂತು ಬಿದ್ದ ಒಂದು ಕಾಡುಬಸಳೆ ಎಲೆನ ಬೆಳಕಿಗೆ ಎತ್ತಿ ಹಿಡಿದು ಮಗಳಿಗೆ ತೋರ್ಸಿ. ಹಸಿರು ತಿರುಳೆಲ್ಲ ಖಾಲಿಯಾಗಿ ಎಣ್ಣೆ ಕಾಗದದ ಥರ ಆಗಿರತ್ತೆ, ಒಳಗೆ ಕಪ್ಪು ಕಪ್ಪು ಹಿಕ್ಕೆ ಕಾಣತ್ತೆ, ಅದೃಷ್ಟ ಇದ್ರೆ ಹುಳನೇ ನೆರಳಿನ ಥರ ಜರುಗೋದೂ ಕಾಣತ್ತೆ.

ಏಪ್ರಿಲಲ್ಲಿ ನೀವು ಡಡ್ಲಿಯಾದಲ್ಲಿ ನೋಡಿದ ತೂತು ಅದೇ. ರೋಗ ಅಲ್ಲ, ಹಾಗಾಗಿ ಔಷಧಿ ಗಿವ್‌ಷಧಿ ಏನೂ ಬೇಡ.

ಆದ್ರೆ ನಿಮ್ಮ ಕುಂಡದ ಕಾಡುಬಸಳೆಗೆ ಇದು ಬರತ್ತಾ ಅಂದ್ರೆ, ಬರಲ್ಲ. ಇಲ್ಲೊಂದು ತಮಾಷೆ ಇದೆ. ಕಾಡುಬಸಳೆ ನಮ್ಮ ಗಿಡ ಅಂತ ನಾವೆಲ್ಲ ಅಂದ್ಕೊಂಡಿದೀವಿ, ಅದು ಮೂಲದಲ್ಲಿ ಮಡಗಾಸ್ಕರದ್ದು. ರೆಡ್ ಪಿಯರೋ ನಮ್ಮಲ್ಲೇ ಇದ್ದ ಕಲಂಚೋ, ಅಂದ್ರೆ ಕಾಡುಬಸಳೆ ಬಳಗದ, ಜಾತಿಗಳ ಮೇಲೆ ಬದುಕ್ತಿತ್ತು, ಪರದೇಶದ ಕಾಡುಬಸಳೆ ಬಂದಾಗ ಅದಕ್ಕೂ ಒಗ್ಗಿಕೊಂಡು ಹಿತ್ತಲು, ಕುಂಡ, ಅಪಾರ್ಟ್‌ಮೆಂಟ್ ಬಾಲ್ಕನಿ ಅಂತ ಎಲ್ಲಾ ಕಡೆ ಹಬ್ಬಿಕೊಂಡ್ತು, ಅಲಂಕಾರಕ್ಕೆ ಜನ ಕಲಂಚೋ ನೆಡೋದು ಜಾಸ್ತಿ ಆದ್ಮೇಲೆ ಉತ್ತರ ಭಾರತದಲ್ಲೂ ಮೊದಲು ಇಲ್ಲದ ಕಡೆಲೆಲ್ಲ ಕಾಣ್ತಿದೆ. ಸೋನೋರನ್ ಬ್ಲೂ ಹಾಗೆ ಹೊಂದ್ಕೊಳ್ಳೋ ಗಿರಾಕಿ ಅಲ್ಲ. ಡಡ್ಲಿಯಾ ಬಿಟ್ರೆ ಉಪವಾಸ. ಇನ್ನು ಅತ್ತೆಯವರಿಗೆ ಬೈದೆ ಅಂತ ಹೇಳ್ಬೇಡಿ, ಆದ್ರೆ ನೆಟ್ರೆ ಬೆಳೆಯೋ ಎಲೆನ ಪುಸ್ತಕದೊಳಗೆ ಬಚ್ಚಿಟ್ಟು ಏರ್‌ಪೋರ್ಟ್ ದಾಟಿಸೋದು ಇಲ್ಲಿ ಕಾನೂನಿಗೆ ವಿರುದ್ಧ, ಡಿಕ್ಲೇರ್ ಮಾಡ್ಬೇಕು, ಅದಕ್ಕೆ ಸರ್ಟಿಫಿಕೇಟ್ ಬೇಕು. ಮೇಲಾಗಿ ಅದು ಒಂದು ಎಲೆ ಬಿದ್ರೂ ಹತ್ತು ಗಿಡ ಆಗೋ ಜಾತಿ. ಕುಂಡದಲ್ಲೇ ಇರ್ಲಿ, ಹೈಕಿಂಗ್ ಹೋದ ಕಡೆ ಖಂಡಿತ ನೆಡಬೇಡಿ.

ಈಗ ಆಗಸ್ಟ್ ವಿಷಯಕ್ಕೆ ಬರೋಣ. ನಮ್ಮ ಊರಿನ ಲೆಕ್ಕದಲ್ಲಿ ಮಳೆಗಾಲ ಅಂದ್ರೆ ಬಿಸಿಲು ಕಳೆದ ಮೇಲೆ, ಜೂನಿಂದ. ಇಲ್ಲಿ ಉಲ್ಟಾ, ಮಳೆ ಬರೋದು ಚಳಿಗಾಲದಲ್ಲಿ, ನವೆಂಬರಿಂದ ಮಾರ್ಚ್ ತನಕ, ಮೇ ಆದ್ಮೇಲೆ ಒಂದು ಹನಿ ಇಲ್ಲ. ಡಡ್ಲಿಯಾ ಇದಕ್ಕೆ ಸರಿಯಾಗಿ ಜೀವನ ನಡೆಸತ್ತೆ. ಮಳೆ ಬಂದಾಗ ಎಲೆ ತುಂಬಿಸ್ಕೊಳ್ಳತ್ತೆ, ಏಪ್ರಿಲ್-ಮೇ ತಿಂಗಳಲ್ಲಿ ಹೂ ಬಿಡತ್ತೆ, ಬೇಸಿಗೆ ಬಂದಾಗ ಹೊರಗಿನ ಎಲೆಗಳನ್ನ ಒಣಗಿಸಿ ನಡುವಿನ ಸುಳಿಗೆ ಹೊದಿಕೆ ಮಾಡ್ಕೊಂಡು ನಿದ್ದೆ ಹೊಡೆಯತ್ತೆ. ನೋಡೋರಿಗೆ ಸತ್ತ ಹಾಗೇ ಕಾಣತ್ತೆ. ನಿಜ ಹೇಳ್ಬೇಕಂದ್ರೆ ಬೇಸಿಗೆಲಿ ನೀರು ಹಾಕೋದೇ ಅದಕ್ಕೆ ಅಪಾಯ, ನಿದ್ದೆಲಿರೋ ಬೇರಿಗೆ ಬಿಸಿ ಮಣ್ಣಲ್ಲಿ ನೀರು ನಿಂತ್ರೆ ಕೊಳೆತು ಹೋಗತ್ತೆ. ನೀವು ಒಂದು ಸಲ ಬಾಟಲಿ ಸುರಿದಿದ್ದಕ್ಕೆ ಬಂಡೆ ಮೇಲೆ ಏನೂ ಆಗಿರಲ್ಲ, ಹರಿದು ಹೋಗಿರತ್ತೆ, ಆದ್ರೆ ವಾರಕ್ಕೊಂದು ಸಲ ಹೋಗಿ ಹಾಕೋ ಪ್ಲ್ಯಾನ್ ಇದ್ರೆ ಬಿಟ್ಬಿಡಿ.

ಚಿಟ್ಟೆನೂ ಇದೇ ತಾಳಕ್ಕೆ ಕುಣಿಯತ್ತೆ. ಹುಳಕ್ಕೆ ಬೇಕಾಗಿರೋದು ರಸ ತುಂಬಿದ ಎಲೆ, ಅದು ಸಿಗೋದು ಚಳಿಗಾಲದ ಕೊನೆಲಿ, ವಸಂತದಲ್ಲಿ. ಅದಕ್ಕೇ ಬೇರೆ ಚಿಟ್ಟೆಗಳು ಇನ್ನೂ ಏಳೋ ಮುಂಚೆ, ಬಿಸಿಲಿರೋ ಕಡೆ ಜನವರಿಲೇ ಇದು ಹೊರಗೆ ಬರತ್ತೆ, ಜಾಗದ ಮೇಲೆ ಹೋಗತ್ತೆ, ಎತ್ತರದ ಕಡೆ ಜೂನ್ ತನಕನೂ ಕಾಣತ್ತೆ. ವರ್ಷಕ್ಕೆ ಒಂದೇ ಪೀಳಿಗೆ. ಹೆಣ್ಣು ಒಂದೊಂದೇ ಮೊಟ್ಟೆ ಇಡತ್ತೆ, ಹುಳ ಎಲೆ ಒಳಗೆ ಬೆಳೆದು, ಹೊರಗೆ ಬಂದು, ಗಿಡದ ಬುಡದಲ್ಲಿರೋ ಒಣ ಎಲೆ ಕಸದಲ್ಲಿ ಕೋಶ ಕಟ್ಕೊಂಡು ಬೇಸಿಗೆ, ಶರತ್ತು, ಚಳಿಗಾಲದ ಶುರು ಎಲ್ಲ ಅಲ್ಲೇ ಕಳೀತದೆ. ಅಂದ್ರೆ ನಾವು ಚಿಟ್ಟೆ ಅಂತ ಕರೆಯೋ ಹಾರೋ ಜೀವ ಅದರ ಆಯಸ್ಸಲ್ಲಿ ಒಂದೆರಡು ವಾರದ ಮಾತು, ಉಳಿದಿದ್ದೆಲ್ಲ ಕಸದೊಳಗಿನ ಕಥೆ.

ಇದನ್ನ ನಾನು ಪುಸ್ತಕದಲ್ಲಿ ಓದಿದ್ದೆ, ಆದ್ರೂ ನಾಚಿಕೆ ಪಟ್ಕೊಂಡೇ ಕಲಿತೆ. ಇಲ್ಲಿ ಸರ್ವೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಾರ್ಚಲ್ಲಿ ಹೆಣ್ಣು ಮೊಟ್ಟೆ ಇಡೋ ಫೋಟೋ ತೆಗೀಬೇಕು ಅಂತ ಬಂಡೆ ಬುಡದಲ್ಲಿ ಟ್ರೈಪಾಡ್ ಊರಿ, ಮಂಡಿ ಊರಿ, ಎರಡು ಗಂಟೆ ಅಲ್ಲೇ ಹಿಂದೆ ಮುಂದೆ ಜರುಗಾಡ್ತಾ ಕೂತಿದ್ದೆ. ಒಳ್ಳೆ ಫೋಟೋನೂ ಬಂತು. ಜೊತೆಲಿದ್ದ ಸೀನಿಯರ್ ಒಬ್ಬರು ಏನೂ ಮಾತಾಡದೆ ಬಂದು ನನ್ನ ಮಂಡಿ ಕೆಳಗಿನ ಕಸನ ಬೆರಳಲ್ಲಿ ಸ್ವಲ್ಪ ಸರಿಸಿದ್ರು, ಅಲ್ಲಿ ಕಂದು ಬಣ್ಣದ ಒಂದು ಕೋಶ ಅಪ್ಪಚ್ಚಿಯಾಗಿತ್ತು, ಅಕ್ಕಿ ಕಾಳಿಗಿಂತ ಸ್ವಲ್ಪ ದಪ್ಪ ಅಷ್ಟೇ. ಆ ವರ್ಷ ತಡವಾಗಿ ಹೊರಗೆ ಬರಬೇಕಾಗಿದ್ದ ಒಂದು. ಅವತ್ತಿಂದ ನಾನು ಟ್ರೇಲ್ ಮೇಲಿಂದನೇ ಜೂಮ್ ಲೆನ್ಸ್ ಹಾಕಿ ನೋಡ್ತೀನಿ, ಗೋಡೆ ಬುಡಕ್ಕೆ ಹೋಗಲ್ಲ. ನೀವೂ ಅಷ್ಟು ಮಾಡಿದ್ರೆ ಸಾಕು, ನೀರು ಹಾಕೋದಕ್ಕಿಂತ ಅದು ದೊಡ್ಡ ಉಪಕಾರ.

ಕಣ್ಣಿನ ಭಯ. ಇದು ನಮ್ಮ ಕಡೆ ಎಲ್ಲ ಮನೆಲೂ ಇದೆ, ನಮ್ಮಜ್ಜಿನೂ ಹೇಳ್ತಿದ್ಲು. ರೆಕ್ಕೆ ಪುಡಿ ಅಂದ್ರೆ ವಿಷ ಅಲ್ಲ, ಹೆಂಚು ಜೋಡಿಸಿದ ಹಾಗೆ ರೆಕ್ಕೆ ಮೇಲೆ ಕೂತಿರೋ ಸಣ್ಣ ಸಣ್ಣ ಹುರುಪೆಗಳು. ಆ ಕೈಲಿ ಕಣ್ಣುಜ್ಜಿದ್ರೆ ಧೂಳು ಬಿದ್ದ ಹಾಗೆ ಉರಿ ಬರಬಹುದು, ತೊಳೆದ್ರೆ ಹೋಗತ್ತೆ, ದೃಷ್ಟಿ ಎಲ್ಲೂ ಹೋಗಲ್ಲ. ಹಾಗೇ ಮುಟ್ಟಿದ ತಕ್ಷಣ ಚಿಟ್ಟೆ ಸಾಯತ್ತೆ ಅನ್ನೋದೂ ಸುಳ್ಳು, ಹುರುಪೆ ಸ್ವಲ್ಪ ಉದುರಿದ್ರೂ ಹಾರತ್ತೆ, ಆದ್ರೆ ಇಷ್ಟು ಸಣ್ಣ ಚಿಟ್ಟೆ ಮಕ್ಕಳ ಬೆರಳ ಮಧ್ಯೆ ಸಿಕ್ಕಿದ್ರೆ ರೆಕ್ಕೆ ಮುರಿಯೋದು ಸುಲಭ, ಅದಕ್ಕೆ ಬೇಡ. ಮಗಳಿಗೆ ಇಷ್ಟ ಆಗಬಹುದಾದ ಇನ್ನೊಂದು ವಿಷಯ, ಆ ನೀಲಿ ಯಾವ ಬಣ್ಣದ ಪುಡಿನೂ ಅಲ್ಲ. ಹುರುಪೆಯ ಒಳಗಿನ ಸೂಕ್ಷ್ಮ ಪದರಗಳು ಬೆಳಕನ್ನ ಹೇಗೆ ತಿರುಗಿಸ್ತಾವೋ ಅದರಿಂದ ನಮಗೆ ನೀಲಿ ಕಾಣತ್ತೆ, ಸೋಪಿನ ಗುಳ್ಳೆ ಮೇಲೆ ಬಣ್ಣ ಆಡತ್ತಲ್ಲ, ಹೆಚ್ಚುಕಮ್ಮಿ ಅದೇ ಥರ.

ಈಗ ಮುಖ್ಯ ಪ್ರಶ್ನೆ, ತರಬಹುದಾ. ಇದಕ್ಕೆ ಉತ್ತರ ಹೇಳೋ ಮುಂಚೆ ಈ ಚಿಟ್ಟೆ ಆ ಒಂದೇ ಗೋಡೆ ಹತ್ರ ಯಾಕೆ ಸುತ್ತತ್ತೆ ಅಂತ ಹೇಳ್ಬೇಕು. 1960ರ ದಶಕದಲ್ಲಿ ಲಾಸ್ ಏಂಜಲೀಸ್ ಪಕ್ಕದ ಸ್ಯಾನ್ ಗೇಬ್ರಿಯಲ್ ಕ್ಯಾನಿಯನ್‌ನಲ್ಲಿ ರೂಡಿ ಮಟ್ಟೋನಿ ಅನ್ನೋ ಚಿಟ್ಟೆ ತಜ್ಞರು ಮತ್ತವರ ಜೊತೆಗಾರರು ಇದೇ ಚಿಟ್ಟೆ ಹಿಡಿದು, ರೆಕ್ಕೆಗೆ ಗುರುತು ಹಾಕಿ, ಬಿಟ್ಟು, ಮತ್ತೆ ಹಿಡಿದು ಲೆಕ್ಕ ಹಾಕಿದ್ರು. ಕೆಲವನ್ನ ಬೇಕಂತಲೇ ಬೇರೆ ಜಾಗಕ್ಕೆ ತಗೊಂಡು ಹೋಗಿ ಬಿಟ್ರು. ನೋಡಿದ್ರೆ ಅವು ಮೊದಲು ಹಿಡಿದ ಜಾಗದ ಕಡೆಗೇ ವಾಪಸ್ ಬರೋಕೆ ನೋಡಿದ್ವು, 1966ರಲ್ಲಿ ಅದು ಪ್ರಕಟನೂ ಆಯ್ತು. ಒಂದು ರೂಪಾಯಿ ನಾಣ್ಯದಷ್ಟು ಪ್ರಾಣಿಗೆ ಊರಿನ ಸೆಳೆತ! ಗಂಡುಗಳು ದಿನಪೂರ್ತಿ ಡಡ್ಲಿಯಾ ಗುಂಪಿನ ಸುತ್ತನೇ ಗಸ್ತು ತಿರುಗ್ತಾವೆ, ಹೆಣ್ಣು ಅಲ್ಲೇ ಹುಟ್ಟಿ ಅಲ್ಲೇ ಮೊಟ್ಟೆ ಇಡತ್ತೆ. ಹಾಗಾಗಿ ಮುಕ್ಕಾಲು ಗಂಟೆ ಫ್ರೀವೇ ದೂರದಲ್ಲಿರೋ ನಿಮ್ಮ ಹಿತ್ತಲಿಗೆ ಅದು ತಾನಾಗಿ ಬರೋ ಚಾನ್ಸ್ ಇಲ್ಲ ಅಂತಲೇ ಇಟ್ಕೊಳ್ಳಿ.

ನಿಮ್ಮ ಫ್ರೆಂಡ್ ಹೇಳಿದ ಮೊದಲನೇ ಐಡಿಯಾ, ಗಿಡ ಕಿತ್ಕೊಂಡು ಬರೋದು. ಅವರು ಕೆಟ್ಟ ಮನಸ್ಸಿಂದ ಹೇಳಿಲ್ಲ ಅಂತ ಗೊತ್ತು, ಆದ್ರೆ ದಯವಿಟ್ಟು ಬೇಡ. ಇದು ನೇರವಾಗಿ ಅಪರಾಧ. 2022ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಡಡ್ಲಿಯಾಗೆ ಅಂತಲೇ ಬೇರೆ ಕಾನೂನಿದೆ, ಸರ್ಕಾರಿ ಜಾಗ ಇರ್ಲಿ ಖಾಸಗಿ ಜಾಗ ಇರ್ಲಿ, ಜಾಗದವರ ಲಿಖಿತ ಒಪ್ಪಿಗೆ ಇಲ್ಲದೆ ಕೀಳೋದು, ಹಾಗೆ ಕಿತ್ತಿದ್ದನ್ನ ಮಾರೋದು ಎರಡಕ್ಕೂ ಸಾವಿರಾರು ಡಾಲರ್ ದಂಡ, ಜೈಲೂ ಆಗಬಹುದು. ಒಂದು ಕಳ್ಳಿ ಥರದ ಗಿಡಕ್ಕೆ ಇಷ್ಟೊಂದಾ ಅಂತ ಅನ್ನಿಸಬಹುದು, ಅದರ ಹಿಂದೆ ಕಥೆ ಇದೆ. ಮೆಂಡೊಸಿನೋ ಕರಾವಳಿಯ ಒಂದು ಸಣ್ಣ ಊರಿನ ಪೋಸ್ಟ್ ಆಫೀಸಲ್ಲಿ ಒಬ್ಬ ಅರವತ್ತು ಬಾಕ್ಸ್ ಚೀನಾಕ್ಕೆ ಕಳಿಸ್ತಾ ಕ್ಯೂ ನಿಲ್ಲಿಸಿಬಿಟ್ಟಿದ್ದ. ಹಿಂದೆ ನಿಂತಿದ್ದ ಹೆಂಗಸಿಗೆ ಅನುಮಾನ ಬಂದು, ಕದ್ದ ಸಮುದ್ರದ ಚಿಪ್ಪುಪ್ರಾಣಿ ಇರಬಹುದು ಅಂತ ವನ್ಯಜೀವಿ ಇಲಾಖೆಗೆ ಫೋನ್ ಮಾಡಿದ್ರು. ನೋಡಿದ್ರೆ ಒಳಗೆ ಇದ್ದಿದ್ದು ಡಡ್ಲಿಯಾ. ಕೊರಿಯಾ, ಚೀನಾದಲ್ಲಿ ಕುಂಡದ ಗಿಡದ ಹುಚ್ಚು ಜೋರಾಗಿದ್ದ ಟೈಮ್ ಅದು. 2018ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕ್‌ಗಳಿಂದ ಕಿತ್ತ 3,715 ಡಡ್ಲಿಯಾ ಸಾಗಿಸೋಕೆ ಹೋದ ಒಬ್ಬನಿಗೆ 2022ರಲ್ಲಿ ಎರಡು ವರ್ಷ ಜೈಲಾಯ್ತು. ಅದು ಸಮುದ್ರ ದಡದ ಜಾತಿ, ನಿಮ್ಮ ಕ್ಯಾನಿಯನ್‌ದಲ್ಲ, ಆದ್ರೆ ಕಳ್ಳರಿಗೆ ಜಾತಿ ಭೇದ ಏನಿರತ್ತೆ. ಕ್ಯಾನಿಯನ್ ಹೆಸರು ತೆಗೆದಿದ್ದು ಇದಕ್ಕೇ. ಆನ್‌ಲೈನಲ್ಲಿ ಪಿನ್ ಹಾಕಿದ ಲೊಕೇಶನ್ ನೋಡ್ಕೊಂಡೇ ಬರೋರಿದಾರೆ.

ಕಾನೂನು ಪಕ್ಕಕ್ಕಿಟ್ಟು ಬರೀ ಗಿಡದ ದೃಷ್ಟಿಯಿಂದ ನೋಡಿದ್ರೂ ಲಾಭ ಇಲ್ಲ. ಬಂಡೆ ಸಂದಿಲಿ ವರ್ಷಗಟ್ಟಲೆ ಇಳಿದ ಬೇರು ಎಳೆದ ತಕ್ಷಣ ತುಂಡಾಗತ್ತೆ, ಗಿಡ ಎರಡು ತಿಂಗಳು ಚೆನ್ನಾಗಿದ್ದ ಹಾಗೆ ಕಂಡು ಮೊದಲ ಬೇಸಿಗೆಲಿ ಕೊಳೆಯತ್ತೆ. ನೀವು ಮೂರು ಗಿಡ ತಂದ್ರೆ ಅದರ ಜೊತೆ ಬುಡದ ಕಸನೂ, ಅದರೊಳಗಿನ ಕೋಶನೂ ಬರತ್ತೆ ಇಲ್ಲಾ ಚೆದುರತ್ತೆ.

ನಿಮ್ಮ ಊರಿಗೆ ಹತ್ತಿರದ್ದೇ ಇನ್ನೊಂದು ವಿಷಯ. ಸಾಂಟಾ ಕ್ಲಾರಾ ಕಣಿವೆಲಿ ಮಾತ್ರ ಸಿಗೋ ಒಂದು ಡಡ್ಲಿಯಾ ಇದೆ, ಸೆಟ್ಚೆಲಿ ಅಂತ, 1995ರಿಂದ ಫೆಡರಲ್ ಅಳಿವಿನಂಚಿನ ಪಟ್ಟಿಲಿದೆ. ನೋಡೋಕೆ ಬೇರೆ ಡಡ್ಲಿಯಾ ಥರಾನೇ ಇರತ್ತೆ, ಗೊತ್ತಿಲ್ಲದೇ ಅದನ್ನೇ ಕಿತ್ರೆ ಏನ್ ಗತಿ.

ಎರಡನೇ ಐಡಿಯಾ, ಹುಳ ತಂದು ಸಾಕೋದು. ಸ್ಕೂಲಲ್ಲಿ ಪೇಂಟೆಡ್ ಲೇಡಿ ಚಿಟ್ಟೆ ಕಿಟ್ ಕೊಡ್ತಾರಲ್ಲ, ಮಗಳು ಅದನ್ನ ನೋಡಿರಬಹುದು, ಅದಕ್ಕೇ ಇದು ಸುಲಭ ಅನ್ಸತ್ತೆ. ಪೇಂಟೆಡ್ ಲೇಡಿ ಸಿಕ್ಕಿದ್ದೆಲ್ಲ ತಿಂದು ಬದುಕೋ, ಖಂಡಾಂತರ ಹಾರೋ ಚಿಟ್ಟೆ. ಇದು ಹಾಗಲ್ಲ. ಪಾರ್ಕಲ್ಲಿ ಪರ್ಮಿಟ್ ಇಲ್ಲದೆ ಹುಳ ಎತ್ತೋದು ತಪ್ಪು ಅನ್ನೋದು ಒಂದು ಕಡೆ. ಇನ್ನೊಂದು ಕಡೆ, ಎಲೆ ಒಳಗಿರೋ ಹುಳನ ಎಲೆ ಸಮೇತ ತಂದ್ರೆ ಕಿತ್ತ ಎಲೆ ಡಬ್ಬಿಲಿ ಬೂಸ್ಟು ಹಿಡಿಯತ್ತೆ, ಹೊರಗೇ ಹುಳದ ಮೈಯೊಳಗೆ ಮೊಟ್ಟೆ ಇಟ್ಟು ಹೋಗಿರೋ ಸಣ್ಣ ಕಣಜದ ಮರಿಗಳು ಕೋಶದಿಂದ ಹೊರಗೆ ಬಂದು ಮಗು ಬೆಚ್ಚಿ ಬೀಳೋದೂ ಇದೆ. ಇದೆಲ್ಲ ದಾಟಿ ಕೋಶ ಆಯ್ತು ಅಂತಿಟ್ಕೊಳ್ಳಿ, ಅದನ್ನ ಎಂಟೊಂಬತ್ತು ತಿಂಗಳು ಎಲ್ಲಿಡ್ತೀರಾ? ಮನೆ ಒಳಗಿನ ಬೆಚ್ಚಗಿನ ಹವೆಗೆ ಕಾಲ ತಪ್ಪಿ ಹೊರಗೆ ಬಂದ್ರೆ ಹೂ ಇಲ್ಲ, ಜೋಡಿ ಇಲ್ಲ. ಫ್ರಿಜ್ ಉಪಾಯ ಯಾರಾದ್ರೂ ಹೇಳಿದ್ರೆ ಅದನ್ನೂ ಕೇಳ್ಬೇಡಿ, ಒಣಗಿ ಸಾಯೋದೇ ಜಾಸ್ತಿ.

ಸಾಕೋದು ಅಸಾಧ್ಯ ಅಂತ ನಾನು ಹೇಳ್ತಿಲ್ಲ. ಪ್ಯಾಲೋಸ್ ವರ್ಡೀಸ್ ಬ್ಲೂ ಅಂತ ಇದರ ನೆಂಟ ಒಂದಿದೆ ಲಾಸ್ ಏಂಜಲೀಸ್ ಕಡೆ, 1983ರಲ್ಲಿ ಅಳಿದೇ ಹೋಯ್ತು ಅಂತ ಎಲ್ಲರೂ ಕೈಬಿಟ್ಟಿದ್ರು, 1994ರಲ್ಲಿ ಸ್ಯಾನ್ ಪೆಡ್ರೋದಲ್ಲಿ ಮಿಲಿಟರಿ ಇಂಧನ ಡಿಪೋ ಜಾಗದಲ್ಲಿ ಮತ್ತೆ ಸಿಕ್ತು, ಹುಡುಕಿದ್ದು ಅದೇ ಮಟ್ಟೋನಿ. ಅದನ್ನ ಲ್ಯಾಬಲ್ಲಿ ಸಾಕಿ ಹೊರಗೆ ಬಿಡೋ ಕೆಲಸ ಪರ್ಮಿಟ್ ಇರೋ ತಜ್ಞರಿಂದ ವರ್ಷಾನುಗಟ್ಟಲೆ ನಡೀತಿದೆ, ಆದ್ರೂ ಕೂತು ನಿಟ್ಟುಸಿರು ಬಿಡೋ ಹಾಗಾಗಿಲ್ಲ. ಗತಿ ಇಲ್ಲದಾಗ ಮಾಡೋ ಐಸಿಯು ಕೆಲಸ ಅದು. ನಿಮ್ಮ ಸೋನೋರನ್ ಬ್ಲೂ ಐಸಿಯುಲಿಲ್ಲ, ಫೆಡರಲ್ ಅಳಿವಿನಂಚಿನ ಪಟ್ಟಿಲೂ ಇಲ್ಲ, ಅದಕ್ಕೆ ಬೇಕಾದ ಗೋಡೆ ಇದ್ರೆ ಅದರ ಪಾಡಿಗೆ ಇರತ್ತೆ.

ಬೆಂಕಿ ಭಯ ಅರ್ಥ ಆಗತ್ತೆ. 2020ರಲ್ಲಿ ನಿಮ್ಮ ಕೌಂಟಿ, ಅಕ್ಕಪಕ್ಕದ ಕೌಂಟಿ ಬೆಟ್ಟಗಳಲ್ಲಿ ಎಸ್‌ಸಿಯು ಲೈಟ್ನಿಂಗ್ ಅನ್ನೋ ಕಾಡು ಬೆಂಕಿ ಹೆಚ್ಚುಕಮ್ಮಿ ನಾಲ್ಕು ಲಕ್ಷ ಎಕರೆ ಸುಟ್ಟಿತು, ಅದೇ ವರ್ಷ ಬಾಬ್‌ಕ್ಯಾಟ್ ಬೆಂಕಿ ಸ್ಯಾನ್ ಗೇಬ್ರಿಯಲ್ ಬೆಟ್ಟ ಸುಟ್ಟಿತು. ಆದ್ರೆ ಬೋಳು ಬಂಡೆ ಗೋಡೆ ಮೇಲೆ ಸುಡೋಕೆ ಏನಿದೆ ಹೇಳಿ? ಹುಲ್ಲು ಪೊದೆ ಉರಿದು ಹೋದ್ರೂ ಗೋಡೆ ಸಂದಿಲಿರೋ ನೀರು ತುಂಬಿದ ಗಿಡ ಎಷ್ಟೋ ಸಲ ಉಳ್ಕೊಳ್ಳತ್ತೆ. ನನಗೆ ಅದಕ್ಕಿಂತ ಚಿಂತೆ ಬುಡದಲ್ಲಿ ಬೆಳೆಯೋ ಹುಲ್ಲಿಂದು. ಯುರೋಪಿಂದ ಬಂದ ಈ ವಾರ್ಷಿಕ ಹುಲ್ಲುಗಳು ಬೇಸಿಗೆಲಿ ಒಣಗಿ ಬಂಡೆ ತನಕ ಸೌದೆ ಒಟ್ಟಿದ ಹಾಗೆ ನಿಲ್ತಾವೆ, ಹಾಗಿದ್ದಾಗ ಬೆಂಕಿ ಗೋಡೆಗೂ ತಾಗತ್ತೆ. ಸ್ಯಾನ್ ಹೋಸೆ ಸುತ್ತಲಿನ ಬಡ ಮಣ್ಣಿನ ದಿಬ್ಬಗಳಲ್ಲಿ ಈ ಹುಲ್ಲಿಗೆ ಗೊಬ್ಬರ ಯಾರು ಹಾಕ್ತಿದಾರೆ ಗೊತ್ತಾ, ನಮ್ಮ ಕಾರುಗಳು. ಹೊಗೆಲಿರೋ ಸಾರಜನಕ ಮಣ್ಣಿಗೆ ಇಳಿದು ಹುಲ್ಲು ಕೊಬ್ಬಿ, ಸ್ಥಳೀಯ ಸಣ್ಣ ಗಿಡಗಳನ್ನ ಮುಚ್ಚಿ ಹಾಕತ್ತೆ, ದನ ಮೇಯಿಸೋದು ನಿಲ್ಲಿಸಿದ ಕಡೆ ಬೇ ಚೆಕರ್‌ಸ್ಪಾಟ್ ಅನ್ನೋ ಇನ್ನೊಂದು ಚಿಟ್ಟೆ ಕುಸಿದು ಬಿತ್ತು ಅಂತ ಸ್ಟೂವರ್ಟ್ ವೈಸ್ ಅನ್ನೋ ವಿಜ್ಞಾನಿ 1999ರಲ್ಲಿ ತೋರಿಸಿದ್ರು. ಚಿಟ್ಟೆ ಉಳಿಸೋಕೆ ದನ ಬೇಕು ಅಂದ್ರೆ ಇಲ್ಲಿ ಎಷ್ಟೋ ಜನ ನಂಬಲ್ಲ, ನಮ್ಮೂರಿನ ಕುರಿ ಕಾಯೋರು ಕೇಳಿದ್ರೆ ತಲೆ ಆಡಿಸ್ತಾರೆ.

ಹಾಗಾದ್ರೆ ಏನ್ ಮಾಡಬಹುದು. ಹಿತ್ತಲಲ್ಲಿ ಡಡ್ಲಿಯಾ ಬೆಳೆಸೋ ಆಸೆ ಇದ್ರೆ ಖಂಡಿತ ಬೆಳೆಸಿ, ಬೀಜದಿಂದ ಬೆಳೆಸಿದ್ದು ಅಂತ ಖಾತ್ರಿ ಕೊಡೋ ಸ್ಥಳೀಯ ಸಸ್ಯಗಳ ನರ್ಸರಿಲಿ, ಕ್ಯಾಲಿಫೋರ್ನಿಯಾ ನೇಟಿವ್ ಪ್ಲಾಂಟ್ ಸೊಸೈಟಿಯವರು ಮಾಡೋ ಸಸ್ಯ ಮೇಳಗಳಲ್ಲಿ ಕೇಳಿ. ಕುಂಡದಲ್ಲಿ ಒಂದೇ ಸೈಜಿನ ತಾಜಾ ಗಿಡ ಇರೋ ಬದಲು ಬುಡ ಮುರಿದಂತಿರೋ, ಒಂದೊಂದು ಒಂದೊಂದು ಸೈಜಿನ ಹಳೇ ಗಿಡಗಳನ್ನ ಚೀಪಾಗಿ ಮಾರ್ತಿದ್ರೆ ಕಾಡಿಂದ ಕಿತ್ತಿದ್ದು ಅಂತ ಅನುಮಾನ ಪಡಿ, ನಾನೂ ಒಂದು ಸಲ ಒಂದು ವೀಕೆಂಡ್ ಮಾರ್ಕೆಟ್ಟಲ್ಲಿ ಹಾಗೆ ಮೋಸ ಹೋಗಿದೀನಿ, ಎಲೆ ಸಂದಿಲಿ ಬಂಡೆ ಹಾವಸೆ ಅಂಟ್ಕೊಂಡಿತ್ತು, ಮನೆಗೆ ಬಂದ ಮೇಲೆ ನೋಡಿದೆ. ನೆಡೋವಾಗ ಮಣ್ಣಿಗಿಂತ ಜಲ್ಲಿ ಜಾಸ್ತಿ ಇರ್ಲಿ, ಮಣ್ಣಿನ ಕುಂಡ ಒಳ್ಳೇದು, ಗಿಡನ ನೇರ ಕೂರಿಸದೆ ಗೋಡೆ ಮೇಲಿದ್ದ ಹಾಗೆ ಒಂದು ಕಡೆ ವಾಲಿಸಿ, ಸುಳಿಲಿ ನೀರು ನಿಲ್ಲಬಾರದು. ಮಧ್ಯಾಹ್ನದ ಬಿಸಿಲು ತಪ್ಪಲಿ. ಮಳೆಗಾಲದಲ್ಲಿ ಮಳೆ ಸಾಕು, ಮೇ ಆದ್ಮೇಲೆ ನೀರಿನ ಪೈಪ್ ಆ ಕಡೆ ತಿರುಗಿಸಬೇಡಿ. ಬಿಳಿ ಪುಡಿ ಬಳಿದಂತಿರೋ ಜಾತಿ ತಂದ್ರೆ ಎಲೆ ಮುಟ್ಟಬೇಡಿ, ಬೆರಳ ಗುರುತು ಹಾಗೇ ಉಳಿಯತ್ತೆ. ರಿಸ್ಕ್ ಒಂದೇ, ಡಡ್ಲಿಯಾಗಳು ಒಂದಕ್ಕೊಂದು ಬೇಗ ಬೆರೆಕೆ ಆಗ್ತಾವೆ, ಹಾಗಾಗಿ ನಿಮ್ಮ ಮನೆ ಬೆಟ್ಟದ ಅಂಚಲ್ಲಿದ್ದು ಹತ್ರದಲ್ಲೇ ಕಾಡು ಡಡ್ಲಿಯಾ ಇದ್ರೆ ಬೇರೆ ಕಡೆಯ ಜಾತಿ ಹೂ ಬಿಡೋಕೆ ಬಿಡಬೇಡಿ, ಊರೊಳಗಿದ್ರೆ ಚಿಂತೆ ಇಲ್ಲ. ಚಿಟ್ಟೆ ಬರಲ್ಲ, ಅದನ್ನ ಮೊದಲೇ ಹೇಳಿದೀನಿ. ಹಮ್ಮಿಂಗ್‌ಬರ್ಡ್ ಮಾತ್ರ ಆ ಹೂವಿಗೆ ಬರತ್ತೆ, ಅದಕ್ಕೂ ಮಗಳು ಕುಣೀತಾಳೆ.

ಇನ್ನೊಂದು ಕೆಲಸ, ನನ್ನ ಲೆಕ್ಕದಲ್ಲಿ ನಿಮ್ಮಿಂದ ಚಿಟ್ಟೆಗೆ ಆಗೋ ನಿಜವಾದ ಲಾಭ ಇದೇ. ಪ್ರತಿ ವರ್ಷ ಅದೇ ಗೋಡೆಗೆ ಹೋಗಿ, ದಿನಾಂಕ, ಟೈಮ್, ಎಷ್ಟು ಚಿಟ್ಟೆ, ಬಿಸಿಲಿತ್ತಾ ಮೋಡ ಇತ್ತಾ ಅಂತ ಮಗಳ ಕೈಲಿ ಒಂದು ನೋಟ್‌ಬುಕ್‌ನಲ್ಲಿ ಬರೆಸಿ, ಫೋಟೋನ ಐನ್ಯಾಚುರಲಿಸ್ಟ್ ಅನ್ನೋ, ಕಂಡ ಜೀವಿಗಳನ್ನ ದಾಖಲಿಸೋ ವೆಬ್‌ಸೈಟ್‌ಗೆ ಹಾಕಿ, ಆದ್ರೆ ಲೊಕೇಶನ್ ಸೆಟ್ಟಿಂಗ್‌ನಲ್ಲಿ 'ಅಬ್ಸ್ಕ್ಯೂರ್ಡ್' ಅಂತ ಇರೋದನ್ನ ಆರಿಸಿ, ಆಗ ಸರಿಯಾದ ಜಾಗ ಎಲ್ಲರಿಗೂ ಕಾಣಲ್ಲ. ಒಂದೇ ಗೋಡೆಯ ಹತ್ತು ವರ್ಷದ ಲೆಕ್ಕ ಇದ್ರೆ ಚಿಟ್ಟೆ ಹೊರಗೆ ಬರೋ ದಿನ ಹಿಂದೆ ಮುಂದೆ ಆಗ್ತಿದೆಯಾ, ಬರ ಬಿದ್ದ ವರ್ಷ ಏನಾಯ್ತು ಅಂತೆಲ್ಲ ಹೇಳಬಹುದು, ನಮ್ಮಂಥೋರು ಎಲ್ಲಾ ಗೋಡೆಗೂ ಹೋಗೋಕಾಗಲ್ಲ. ಸೊನ್ನೆ ಸಿಕ್ಕಿದ ದಿನನೂ ಬರೀರಿ, ಎಲ್ಲರೂ ಬಿಟ್ಟುಬಿಡೋದು ಅದನ್ನೇ. ಹಾಗೇ ಯಾರಾದ್ರೂ ಚೀಲ, ಕಬ್ಬಿಣದ ಸಲಾಕೆ ಹಿಡ್ಕೊಂಡು ಗೋಡೆ ಹತ್ರ ಕಂಡ್ರೆ ನೀವು ಜಗಳಕ್ಕೆ ಹೋಗ್ಬೇಡಿ, ದೂರ ಬಂದು ರೇಂಜರ್‌ಗೆ ಇಲ್ಲಾ ರಾಜ್ಯದ ವನ್ಯಜೀವಿ ಇಲಾಖೆಗೆ ಫೋನ್ ಮಾಡಿ, ಮೆಂಡೊಸಿನೋದ ಆ ಹೆಂಗಸು ಮಾಡಿದ್ದೂ ಅಷ್ಟೇ.

ಬರೋ ವರ್ಷ ಹೋಗೋವಾಗ ಬೆಳಗ್ಗೆ ಬೇಗ ಎದ್ದು ಓಡಬೇಡಿ, ಬಂಡೆಗೆ ಬಿಸಿಲು ಬಿದ್ದು ಬಿಸಿ ಏರೋ ತನಕ ಅವು ಏಳಲ್ಲ, ಹತ್ತು ಹತ್ತೂವರೆ ಆಗ್ಲಿ, ಗಾಳಿ ಇರಬಾರದು. ಒಂದು ಸಣ್ಣ ಬೈನಾಕ್ಯುಲರ್ ತಗೊಳ್ಳಿ, ಹತ್ರದ್ದನ್ನ ಫೋಕಸ್ ಮಾಡೋಂಥದ್ದು. ಮೊದಲು ಕಾಣೋದು ಗಂಡುಗಳು, ಗೋಡೆ ಉದ್ದಕ್ಕೂ ಹೋಗಿ ವಾಪಸ್ ಬರ್ತಿರ್ತಾವೆ, ಅವು ಎಲ್ಲಿ ತಿರುಗಿ ಬರ್ತಾವೆ ಅಂತ ನೋಡಿ, ಅಲ್ಲಿಗೆ 'ನಮ್ಮ' ಡಡ್ಲಿಯಾ ಗುಂಪು ಮುಗೀತು ಅಂತ ಅರ್ಥ.